ಪಕ್ಕದ ಮನೆಯ ನೀಲಿ ಟಾರ್ಪಾಲು

ಇಂಚರಳ ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಎಳೆ ಮಾಡಿಕೊಂಡು, ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ವೇದಾ ಇನ್ನೇನು ಹೆಣೆಯಬೇಕು, ಮಗುವಿನ ಬೈತಲೆಯ ಮೇಲೆ ಸರಿಯಾಗಿ ಒಂದು ಹನಿ ಬಿತ್ತು.

“ಅಮ್ಮಾ, ಅಭಿಷೇಕ!” ಎಂದು ಇಂಚರ ನಕ್ಕಳು.

ವೇದಾ ತಲೆ ಎತ್ತಿ ನೋಡಿದಳು. ನಿನ್ನೆಯವರೆಗೂ ವಾರ್ಡ್‌ರೋಬಿನ ಮೇಲಷ್ಟೇ ಇದ್ದ ಕಂದು ಕಲೆ ರಾತ್ರಿಯ ಮಳೆಗೆ ಫ್ಯಾನಿನ ತನಕ ನಡೆದು ಬಂದಿತ್ತು. ಬಕೆಟ್ಟನ್ನು ಕಾಲಲ್ಲೇ ಇತ್ತ ಸರಿಸುತ್ತಿದ್ದಾಗ ಹೊರಗೆ ಲಿಫ್ಟಿನ ಬಾಗಿಲು ತೆರೆದ ಸದ್ದು. ಹಿಂದೆಯೇ ಒಂದು ನಗು. ಪಕ್ಕದ ಮನೆ ರಾಧಾಮಣಿಯದು. ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗಳು ಉರುಳಿದ ಹಾಗೆ ನಗುತ್ತಾಳೆ ಆಕೆ. ಆ ನಗುವಿನ ನಡುವೆ ಒಂದು ಗಂಡು ದನಿ, ಮೆತ್ತಗೆ.

ಆ ದನಿ ವೇದಾಗೆ ಚೆನ್ನಾಗಿ ಗೊತ್ತು. ಹಿಡಿದಿದ್ದ ಜಡೆಯನ್ನು ಬಿಡದೆ, ಮಗುವನ್ನೂ ಜೊತೆಗೆಳೆದುಕೊಂಡೇ ಬಾಗಿಲಿನ ತನಕ ಹೋಗಿ ಪೀಪ್‌ಹೋಲಿಗೆ ಕಣ್ಣಿಟ್ಟಳು.

“ಅಮ್ಮಾ, ನೋಯ್ತಿದೆ!”

“ಶ್ಶ್.”

ನಾಲ್ಕನೇ ಮಹಡಿಯ ಮೂಲೆಯಲ್ಲಿ ಎರಡು ಬಾಗಿಲೂ ಒಂದಕ್ಕೊಂದು ಮುಖ ಕೊಟ್ಟು ನಿಂತಿದ್ದವು. ರಾಧಾಮಣಿಯ ಹೊಸಿಲ ಬಳಿ ಮಹೇಂದ್ರ. ಕಂಕುಳಲ್ಲಿ ಮಡಿಸಿದ ನೀಲಿ ಟಾರ್ಪಾಲು, ಕೈಯಲ್ಲಿ ಹೊಗೆಯಾಡುವ ಕಾಫಿ ಲೋಟ.

“ಸಕ್ಕರೆ ಸರಿ ಇದ್ಯಾ ಮಹೇಂದ್ರ ಅವ್ರೇ? ಎರಡು ಚಮಚ ಹಾಕಿದ್ದೀನಿ.”

“ಸರಿ ಇದೆ ಮೇಡಂ.”

ಸರಿ ಇದೆಯಂತೆ! ಅವನಿಗೆ ಅರ್ಧ ಚಮಚ ಸಾಕು ಎಂದು ಈ ಅಪಾರ್ಟ್‌ಮೆಂಟಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ವೇದಾಗೆ. ಅರ್ಧಕ್ಕಿಂತ ಒಂದು ಕಾಳು ಹೆಚ್ಚಾದರೂ ಎಡಗಡೆಯ ಹುಬ್ಬು ಸ್ವಲ್ಪ ಮೇಲೇಳುತ್ತದೆ. ಈಗಲೂ ಎದ್ದಿತು. ಆದರೂ ನಗುತ್ತಲೇ ಕುಡಿಯುತ್ತಿದ್ದಾನೆ.

“ಮಹೇಂದ್ರ ಅಂಕಲ್ಲಾ?” ಇಂಚರ ಪಿಸುಗುಟ್ಟಿದಳು. “ಅಮ್ಮಾ, ಅಂಕಲ್‌ನ ಒಂದು ಮಾತು ಕೇಳ್ಬೇಕು. ಕೇಳ್ಲಾ?”

“ಏನೂ ಕೇಳೋದ್ ಬೇಡ. ಸ್ಕೂಲಿಗೆ ಲೇಟಾಯ್ತು.”

ಆ ದಿನ ಇಂಚರಳ ಎಡಗಡೆಯ ಜಡೆ ಬಲಗಡೆಯದಕ್ಕಿಂತ ಬಹಳ ಬಿಗಿಯಾಗಿತ್ತು.

*

ಯಲಹಂಕದ ಆ ಅಪಾರ್ಟ್‌ಮೆಂಟು ನಿಂತ ಜಾಗದಲ್ಲಿ ಹಿಂದೆ ಮುನಿಗಂಗಪ್ಪನವರ ದ್ರಾಕ್ಷಿ ತೋಟವಿತ್ತು. ಜಾಗ ಬಿಲ್ಡರಿಗೆ ಕೊಟ್ಟು, ತಮ್ಮ ಪಾಲಿಗೆ ಬಂದ ಮನೆಗಳಲ್ಲೊಂದರಲ್ಲಿ ತಾವೇ ಇದ್ದು, ಓನರ್ಸ್ ಅಸೋಸಿಯೇಷನ್ನಿಗೆ ಅವರೇ ಪ್ರೆಸಿಡೆಂಟ್. ಎರಡನೇ ಮಹಡಿಯ ಮಹೇಂದ್ರ ಸಿವಿಲ್ ಎಂಜಿನಿಯರ್ ಆದ್ದರಿಂದ ರಿಪೇರಿ ಕೆಲಸವೆಲ್ಲ ಅವನ ತಲೆಗೆ ಬಂದಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಅಮ್ಮನ ಆಸ್ಪತ್ರೆ ಓಡಾಟದಲ್ಲಿ ಮರ್ತೇಹೋಯ್ತು” ಎನ್ನುತ್ತಿದ್ದ. ಅಮ್ಮ ತೀರಿಕೊಂಡು ಈಗ ವರ್ಷವಾಗಿತ್ತು.

ಟೆರೇಸು ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದು. ಅದರ ರಿಪೇರಿ ಅಸೋಸಿಯೇಷನ್ನಿನ ಹೊಣೆ. ಆದರೆ ಸೋರುವುದು ಮಾತ್ರ ಮೇಲಿನ ಮನೆಯವರಿಗೆ. ಉಳಿದವರಿಗೆ ಅವಸರವೇನು? ಮೀಟಿಂಗುಗಳು ಮುಂದಕ್ಕೆ ಹೋದವು. ಮಳೆ ಮಾತ್ರ ಹಿಂದೆ ಬೀಳಲಿಲ್ಲ.

ಮೊದಲ ಸೋರಿಕೆಯ ದಿನ ಮಹೇಂದ್ರ ಟಾರ್ಚು ಮತ್ತು ಒಂದು ಪುಟ್ಟ ಯಂತ್ರ ಹಿಡಿದು ಬಂದಿದ್ದ. ಗೋಡೆಗೆ ಇಟ್ಟರೆ ಒಳಗಿನ ಪಸೆ ಅಳೆದು ‘ಪೀಂ’ ಎನ್ನುವ ಯಂತ್ರ. ಇಂಚರ ಅದನ್ನು ಅಮ್ಮನ ಕೆನ್ನೆಗೆ ಇಟ್ಟು ನೋಡಿದಳು. ಅದು ‘ಪೀಂ’ ಎಂದಿತು.

“ಇಲ್ಲೂ ಪಸೆ ಇದೆ,” ಎಂದ ಮಹೇಂದ್ರ, ಗೋಡೆಯ ಕಡೆಗೇ ನೋಡುತ್ತಾ. ಅವನ ಕಿವಿ ಕೆಂಪಾಗಿದ್ದನ್ನು ವೇದಾ ನೋಡಿದಳು. ಬೇರೆ ಕಡೆ ತಿರುಗಿಕೊಂಡಳು. ಮತ್ತೆ ನೋಡಿದಳು.

ಅಂದಿನಿಂದ ಮಳೆ ಬಂದ ಮರುದಿನವೆಲ್ಲ ಅವನು ಬರುತ್ತಿದ್ದ. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, ಕಿವಿಯಿಟ್ಟು, ಬಾವಿಯೊಳಗಿನ ಸದ್ದು ಕೇಳುವವನಂತೆ ನಿಲ್ಲುತ್ತಿದ್ದ. ಅರ್ಧ ಚಮಚ ಸಕ್ಕರೆಯ ಕಾಫಿ ಕುಡಿಯುತ್ತಿದ್ದ. ಕೋರ್ಟಿನಲ್ಲಿ ಸಹಿ ಹಾಕಿ ಗಂಡನಿಂದ ಬೇರೆಯಾದ ಮೇಲೆ ವೇದಾ ಮೋಡ ನೋಡಿ ಖುಷಿಪಟ್ಟಿದ್ದು ಅದೇ ಮೊದಲು. ಅಮೃತಹಳ್ಳಿಯ ತನ್ನ ಪ್ಲೇಸ್ಕೂಲಿನಿಂದ ಸಂಜೆ ಬಸ್ಸಿಳಿದು ಬರುವಾಗ ಆಕಾಶ ಕಪ್ಪಾಗಿದ್ದರೆ ಹೆಜ್ಜೆ ಹಗುರಾಗುತ್ತಿತ್ತು. ಮನೆ ಸೋರುತ್ತದೆಂದು ಸಂತೋಷಪಡುವ ಹೆಂಗಸು ಊರಿನಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗೇ ನಗು ಬರುತ್ತಿತ್ತು.

ಒಂದು ದಿನ ಅವನೇ ಹೇಳಿದ. “ಟೆರೇಸ್ ಕೆಲಸಕ್ಕೆ ಎಲ್ಲರೂ ಒಪ್ಪೋದು ಲೇಟಾಗುತ್ತೆ ವೇದಾ ಅವ್ರೇ. ಅಲ್ಲೀವರೆಗೆ ನಿಮ್ಮ ರೂಮಿನ ಮೇಲೆ ಟಾರ್ಪಾಲ್ ಹಾಕಿಸ್ತೀನಿ. ಸೋರೋದು ನಿಲ್ಲುತ್ತೆ.”

ಸೋರೋದು ನಿಲ್ಲುತ್ತೆ. ಆಮೇಲೆ?

ಆ ವೇಳೆಗೆ ತಮ್ಮ ವಾಸು ಫೋನಿನಲ್ಲಿ ಒಂದು ಬುದ್ಧಿ ಹೇಳಿದ್ದ. “ಅಕ್ಕಾ, ಏನೂ ಮುಟ್ಟಿಸ್ಬೇಡ. ಸೋರ್ತಿರೋದೇ ಸಾಕ್ಷಿ. ಮುಚ್ಚಿದ್ರೆ ಕ್ಲೇಮ್ ಹೋಯ್ತು.” ವಾರ್ಡ್‌ರೋಬು, ಸೀಲಿಂಗು ಹಾಳಾದ ನಷ್ಟವನ್ನು ಅಸೋಸಿಯೇಷನ್ ಕಟ್ಟಿಕೊಡಬೇಕೆಂದು ಅವಳು ಕೇಳಿದ್ದಳು. ತಮ್ಮನ ಮಾತು ಒಳ್ಳೆಯ ನೆಪವಾಗಿ ಸಿಕ್ಕಿತು. ‘ನನ್ನ ಮನೆಯ ಮೇಲಿನ ಟೆರೇಸ್ ಯಾರೂ ಮುಟ್ಟಬಾರದು’ ಎಂದು ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿಬಿಟ್ಟಳು. ಮುನಿಗಂಗಪ್ಪನವರು ಅದಕ್ಕೊಂದು ಕೈಮುಗಿಯುವ ಚಿತ್ರ ಕಳಿಸಿದರು. ಮಹೇಂದ್ರ ಅವಳ ಬಾಗಿಲು ತಟ್ಟುವುದನ್ನೇ ಬಿಟ್ಟ. ಆ ಟಾರ್ಪಾಲು ಈಗ ರಾಧಾಮಣಿಯ ಪಾಲಾಗಿತ್ತು.

ಹರವಲು ಒಂದು ದಿನ. ಗಾಳಿಗೆ ಹಾರಿತೆಂದು ಮತ್ತೊಂದು ದಿನ. ಅಂಚು ಕಟ್ಟಲು ಇನ್ನೊಂದು ದಿನ. ಪಕ್ಕದ ಮನೆಯಿಂದ ಮೆಣಸಿನಕಾಯಿ ಬೋಂಡಾದ ವಾಸನೆ ಲಿಫ್ಟಿನವರೆಗೂ ಬರತೊಡಗಿತು. ಬಟ್ಟೆ ಒಣಗಿಸಲು ಟೆರೇಸಿಗೆ ಹೋದಾಗಲೆಲ್ಲ ಆ ನೀಲಿ ಟಾರ್ಪಾಲು ಕಣ್ಣಿಗೆ ಬೀಳುತ್ತಿತ್ತು. ಎಷ್ಟು ಒಪ್ಪವಾಗಿ ಮಡಿಸಿದ್ದ ಅಂಚು! ಎಷ್ಟು ಅಳತೆಯಲ್ಲಿ ಇಟ್ಟ ಇಟ್ಟಿಗೆ! ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ತನಗೆ ಹೊಟ್ಟೆಕಿಚ್ಚೇ ಎಂದು ವೇದಾ ತನ್ನನ್ನೇ ಬೈದುಕೊಂಡಳು. ಬೈದುಕೊಂಡು, ಒದ್ದೆ ಬೆಡ್‌ಶೀಟನ್ನು ಬೇಕೆಂದೇ ಅದಕ್ಕೆ ನೀರು ಬೀಳುವ ಹಾಗೆ ಹಿಂಡಿದಳು.

“ಏನ್ರೀ ವೇದಾ,” ಒಂದು ಸಂಜೆ ರಾಧಾಮಣಿ ಬಾಗಿಲಲ್ಲೇ ಹಿಡಿದಳು. ಗಂಡ ಹೋದಮೇಲೆ ಬ್ಯಾಟರಾಯನಪುರದ ಬಟ್ಟೆ ಅಂಗಡಿಯನ್ನು ಒಬ್ಬಳೇ ನಡೆಸುವ ಗಟ್ಟಿಗಿತ್ತಿ ಆಕೆ. “ಎಂಥಾ ಒಳ್ಳೆ ಮನುಷ್ಯ ಕಣ್ರೀ ಮಹೇಂದ್ರ! ನೀವು ಯಾಕೆ ಅವ್ರನ್ನ ಒಳಗೇ ಬಿಟ್ಕೊಳ್ಳಲ್ಲ?”

“ನಮ್ಮದು ಕ್ಲೇಮ್ ಇದೆ,” ಎಂದಳು ವೇದಾ.

“ಓಹೋ, ಕ್ಲೇಮು! ಹಾಗಾದ್ರೆ ಅವ್ರನ್ನ ನಾನು ಸ್ವಲ್ಪ ದಿನ ಇಟ್ಕೋಬಹುದು ಅನ್ನಿ.”

ಸ್ಟೀಲ್ ಡಬ್ಬಿಗಳು ಮತ್ತೆ ಉರುಳಿದವು.

*

ಭಾನುವಾರ ಕ್ಲಬ್‌ಹೌಸಿನಲ್ಲಿ ಕ್ಲೇಮಿನ ಮಾತುಕತೆ ಎಂದು ಗೊತ್ತಾಯಿತು. ವೇದಾ ಆರ್.ಟಿ. ನಗರದ ವಕೀಲೆ ಅಕ್ಬರಿಯವರ ಆಫೀಸಿಗೆ ಹೋದಳು. ಡೈವೋರ್ಸಿನ ಸಮಯದಲ್ಲಿ ಅವಳನ್ನು ಕೈ ಹಿಡಿದು ನಡೆಸಿದ್ದವರು ಅವರೇ. ಫೋಟೋಗಳನ್ನು ಒಂದೊಂದಾಗಿ ನೋಡಿ ಕನ್ನಡಕ ತೆಗೆದರು.

“ಸೋರಿದ್ದು ಅವರ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಸೋರಿದ ಮೇಲೆ ನೀವೇನ್ ಮಾಡಿದ್ರಿ?”

“ಏನೂ ಮುಟ್ಟಿಲ್ಲ ಮೇಡಂ. ಸಾಕ್ಷಿಗೆ ಅಂತ ಹಾಗೇ ಇಟ್ಟಿದ್ದೀನಿ.”

ಅಕ್ಬರಿ ಹಣೆ ಚಚ್ಚಿಕೊಂಡರು. “ಅಲ್ಲಾ, ಕಾಲಿಗೆ ಗಾಯ ಆದ್ರೆ, ಹೊಡೆದವನು ಬಂದು ನೋಡ್ಲಿ ಅಂತ ಮುಲಾಮು ಹಚ್ಚದೆ ಕೂತಿರ್ತೀರೇನ್ರೀ? ಸಾಕ್ಷಿಗೆ ಫೋಟೋ ಸಾಕು, ಎಂಜಿನಿಯರ್ ರಿಪೋರ್ಟ್ ಸಾಕು. ನಷ್ಟ ಯಾರಿಂದಲೇ ಆಗ್ಲಿ, ಅದು ಬೆಳೀದ ಹಾಗೆ ನಮ್ಮ ಕೈಲಾದಷ್ಟು ನಾವೂ ನೋಡ್ಕೋಬೇಕು. ಕಾನೂನು ಕೇಳೋದು ಅದನ್ನೇ. ಕೈ ಕಟ್ಟಿ ಕೂತು ಬೆಳೆಸಿಕೊಂಡಿದ್ದಕ್ಕೆ ಯಾರೂ ಪರಿಹಾರ ಕೊಡಲ್ಲ.”

ವೇದಾ ಸೆರಗಿನ ಅಂಚು ಸುತ್ತುತ್ತಿದ್ದಳು.

“ಟಾರ್ಪಾಲ್ ಹಾಕ್ತೀವಿ ಅಂತ ಯಾರಾದ್ರೂ ಬಂದಿದ್ರಾ?”

“ಒಬ್ರು ಬಂದಿದ್ರು.”

“ಬೇಡ ಅಂದ್ರಾ?”

“ಹೂಂ.”

“ಯಾಕಮ್ಮಾ?”

ವೇದಾ ಮೇಜಿನ ಮೇಲಿನ ಚಹಾದ ಕೆನೆಯನ್ನೇ ನೋಡಿದಳು. ಅಕ್ಬರಿ ಅವಳ ಮುಖ ನೋಡಿದರು. ಎಷ್ಟೋ ಹೆಂಗಸರ ಮುಖ ಓದಿದ ಕಣ್ಣು ಅದು. ಚಹಾ ಲೋಟವನ್ನು ಅವಳ ಕಡೆ ತಳ್ಳಿ ಮೆಲ್ಲಗೆ ಹೇಳಿದರು. “ಇನ್ನೂ ಮಳೆಗಾಲ ಮುಗಿದಿಲ್ಲ. ಇವತ್ತೇ ಹೋಗಿ ಹಾಕಿ. ತಡವಾಗಿ ಹಾಕಿದ್ರೂ ಹಾಕಿದ್ದೇ ಲೆಕ್ಕ.”

*

ಹಳೇ ಯಲಹಂಕದ ಹಾರ್ಡ್‌ವೇರ್ ಅಂಗಡಿಯಲ್ಲಿ ನೀಲಿ ಟಾರ್ಪಾಲೇ ಇತ್ತು. ವೇದಾ ಹಟ ಹಿಡಿದು ಹಳದಿಯದನ್ನು ಹುಡುಕಿಸಿದಳು.

ಟೆರೇಸಿನಲ್ಲಿ ಗಾಳಿ ಎದ್ದಿತ್ತು. ಏರ್‌ಫೋರ್ಸ್ ಸ್ಟೇಷನ್ನಿನ ಕಡೆಯಿಂದ ಮೋಡ ಇಳಿದು ಬರುತ್ತಿತ್ತು. ಒಂದು ಮೂಲೆ ಹಿಡಿದರೆ ಇನ್ನೊಂದು ಹಾರುತ್ತಿತ್ತು. ಇಂಚರ ಟಾರ್ಪಾಲಿನ ಮೇಲೆ ಮಲಗಿಬಿಟ್ಟು, “ಅಮ್ಮಾ, ನಾನೇ ಇಟ್ಟಿಗೆ!” ಎಂದು ಕೂಗುತ್ತಿದ್ದಳು.

ಹಾರಿದ ಮೂಲೆಯನ್ನು ಯಾರೋ ಹಿಡಿದರು.

“ನನ್ನ ಕರೀಬಾರದಿತ್ತಾ?” ಮಹೇಂದ್ರ ಏದುಸಿರು ಬಿಡುತ್ತಿದ್ದ. ಕೆಳಗಿನಿಂದ ಹಳದಿ ಬಣ್ಣ ಹಾರುವುದನ್ನು ಕಂಡು ಮೆಟ್ಟಿಲಲ್ಲೇ ಓಡಿ ಬಂದಿದ್ದ.

“ನೀವು ಬ್ಯುಸಿ ಇರ್ತೀರ. ಬೋಂಡಾ ಆರಿ ಹೋಗುತ್ತೆ.”

“ಯಾವ ಬೋಂಡಾ?”

“ಮೆಣಸಿನಕಾಯಿದು.”

ಅವನು ಅವಳನ್ನೇ ನೋಡಿದ. ತುಟಿಯ ಕೊನೆಯಲ್ಲಿ ಒಂದು ನಗು ಹೊರಗೆ ಬರಲೋ ಬೇಡವೋ ಎಂದು ನಿಂತಿತ್ತು. “ನನಗೆ ಅಸಿಡಿಟಿ ವೇದಾ ಅವ್ರೇ. ಆ ಬೋಂಡಾ ಎಲ್ಲ ವಾಚ್‌ಮನ್ ಆನಂದಪ್ಪನ ಹೊಟ್ಟೆಗೆ ಹೋಗಿದ್ದು. ಪಾಪ, ಈಗ ಅವನಿಗೂ ಅಸಿಡಿಟಿ.”

“ಕಾಫಿ ಯಾರ ಹೊಟ್ಟೆಗೆ ಹೋಯ್ತು? ಎರಡು ಚಮಚ ಸಕ್ಕರೆದು?”

“ಎರಡು ಚಮಚ ಅಂತ ನಿಮಗೆ ಹೇಗೆ ಗೊತ್ತು?”

ವೇದಾ ಬಗ್ಗಿ ಇಟ್ಟಿಗೆ ಹುಡುಕತೊಡಗಿದಳು. ಮಲಗಿದ್ದ ಇಟ್ಟಿಗೆ ಬಾಯಿ ಬಿಟ್ಟಿತು. “ಅಮ್ಮ ತೂತಿನಲ್ಲಿ ನೋಡ್ತಾಳೆ ಅಂಕಲ್. ಅಂಕಲ್, ನಾನೊಂದು ಕೇಳ್ಲಾ?”

“ಇಂಚರಾ! ಕೆಳಗೆ ಹೋಗಿ ಹಗ್ಗ ತಗೊಂಡ್ ಬಾ!”

ಮಗು ಮುಖ ಊದಿಸಿಕೊಂಡು ಹೋಯಿತು. ಇಬ್ಬರೂ ಎದುರುಬದುರು ಮಂಡಿಯೂರಿ ಅಂಚು ಮಡಿಸಿದರು. ಮಡಿಕೆಯ ಕೊನೆಯಲ್ಲಿ ಬೆರಳಿಗೆ ಬೆರಳು ತಾಗಿತು. ಯಾರೂ ತಕ್ಷಣ ಹಿಂದಕ್ಕೆ ತೆಗೆಯಲಿಲ್ಲ.

“ನಾಳೆ ಮೀಟಿಂಗಲ್ಲಿ ನನ್ನ ಕೇಳ್ತಾರೆ,” ಎಂದ ಅವನು. “ಟಾರ್ಪಾಲ್ ಹಾಕ್ತೀನಿ ಅಂದಿದ್ದೆ, ನೀವು ಬೇಡ ಅಂದ್ರಿ. ನಾನು ಸುಳ್ಳು ಹೇಳೋಕಾಗಲ್ಲ. ನಿಮಗೆ ನಷ್ಟ ಆಗುತ್ತೆ.”

“ನಾನೇನು ಸುಳ್ಳು ಹೇಳಿ ಅಂದ್ನಾ?”

“ಯಾಕೆ ಬೇಡ ಅಂದ್ರಿ?”

“ಸಾಕ್ಷಿಗೆ.”

“ಅಷ್ಟೇನಾ?”

ಮೊದಲ ಹನಿ ಹಳದಿ ಟಾರ್ಪಾಲಿನ ಮೇಲೆ ಟಪ್ ಎಂದು ಬಿತ್ತು. “ಅಷ್ಟೇ,” ಎಂದಳು ವೇದಾ. ಅಷ್ಟೇ ಎಂದ ಮೇಲೆ ಅವನು ಎದ್ದ ರೀತಿ ನೋಡಿ, ಆ ಮಾತನ್ನು ವಾಪಸು ನುಂಗಲು ಆಗಿದ್ದರೆ ಎನ್ನಿಸಿತು ಅವಳಿಗೆ.

*

ಕ್ಲಬ್‌ಹೌಸು ತುಂಬಿತ್ತು. ಮುನಿಗಂಗಪ್ಪನವರು ಪಂಚೆ ಸರಿಮಾಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ನೋಡವ್ವಾ ವೇದಾ, ನಾನು ತ್ವಾಟ ಮಾಡ್ದೋನು. ಬಳ್ಳೀಗೆ ರ್‍ವಾಗ ಬಂದ್ರೆ ಅಂಗೇ ಬುಟ್ಟು ಕೂತ್ಕಂಡ್ರೆ ತ್ವಾಟವೆಲ್ಲ ಓಯ್ತದೆ. ತೆರಾಸು ನಮ್ದೇ ಜವಾಬ್ದಾರಿ, ಒಪ್ಕಂಡೆ. ಆದ್ರೆ ಟಾರ್ಪಾಲ್ ಆಕ್ತೀವಿ ಅಂದ್ರೆ ಬ್ಯಾಡ ಅಂದ್ಯಲ್ಲ, ಆಮ್ಯಾಕೆ ಆಳಾಗಿದ್ದೂ ನಾವೇ ಕೊಡ್ಬೇಕಾ? ಏನಪ್ಪಾ ಮಹೇಂದ್ರ, ನೀನ್ ಕೇಳಿದ್ದು ನಿಜಾನಾ?”

ಮಹೇಂದ್ರ ಎದ್ದು ನಿಂತ. ವೇದಾಳನ್ನು ನೋಡಲಿಲ್ಲ.

“ನಿಜ ಸರ್. ಅವರು ಬೇಡ ಅಂದಿದ್ದೂ ನಿಜ. ಆದ್ರೆ ನಾನು ಒಂದೇ ಸಲ ಕೇಳಿದ್ದು. ಹೀಗೇ ಬಿಟ್ರೆ ವಾರ್ಡ್‌ರೋಬಿನ ಮರ ಉಬ್ಬುತ್ತೆ, ವೈರಿಂಗಿಗೆ ನೀರು ಇಳಿಯುತ್ತೆ ಅಂತ ಕೂರಿಸಿ ವಿವರಿಸಬೇಕಿತ್ತು. ವಿವರಿಸಿದ್ರೆ ಅವರು ಕೇಳ್ತಿದ್ರು. ಅದು ನನ್ನ ಕೆಲಸ. ನಾನು ಮಾಡ್ಲಿಲ್ಲ.”

“ಯಾಕ್ ಮಾಡ್ಲಿಲ್ಲ?”

ಮಹೇಂದ್ರನ ಕಿವಿ ಕೆಂಪಾಯಿತು. “ಅದನ್ನ ಮೀಟಿಂಗ್ ಮಿನಿಟ್ಸಲ್ಲಿ ಬರೆಯೋಕಾಗಲ್ಲ ಸರ್.”

ಹಿಂದಿನ ಸಾಲಿನಲ್ಲಿ ಸ್ಟೀಲ್ ಡಬ್ಬಿಗಳು ಉರುಳಿದವು. ಒಬ್ಬೊಬ್ಬರಾಗಿ ಉಳಿದವರೂ ನಕ್ಕರು. ಮುನಿಗಂಗಪ್ಪನವರು ಮಾತ್ರ, “ಏನ್ಲಾ ಇದು, ಬರ್‍ಯಕ್ಕಾಗ್ದಿರೋ ಯಾವಾರ?” ಎಂದು ಕಣ್ಣು ಕಿರಿದು ಮಾಡಿದರು.

ಆಗ ವೇದಾ ಎದ್ದಳು. “ಅವರು ಕೇಳಿದಾಗ ಬೇಡ ಅಂದಿದ್ದು ನಾನೇ. ಟೆರೇಸ್ ಸರಿ ಮಾಡಿಸಿ ಕೊಡಿ. ನಾನು ಬೇಡ ಅನ್ನೋದಕ್ಕೆ ಮುಂಚೆ ಹಾಳಾಗಿದ್ದನ್ನ ಕಟ್ಟಿಕೊಡಿ. ಆಮೇಲಿನ ನಷ್ಟ ನಂದು.”

ಅದೇ ತೀರ್ಮಾನವಾಯಿತು. ಮುನಿಗಂಗಪ್ಪನವರು ಎದ್ದು ಹೋಗುತ್ತಾ, “ಇಂಗೆ ಮೊದ್ಲೇ ಮಾತಾಡಿದ್ರೆ ಇಷ್ಟೊತ್ತಿಗೆ ತೆರಾಸು ಒಣಗಿರೋದು” ಎಂದರು.

ಲಿಫ್ಟಿನಲ್ಲಿ ರಾಧಾಮಣಿ ಜೊತೆಗೆ ಸೇರಿಕೊಂಡಳು. ಬಾಗಿಲು ಮುಚ್ಚಿದ ಮೇಲೆ ನಗದೆ ಹೇಳಿದಳು. “ನೋಡಿ ವೇದಾ, ಮುಚ್ಚುಮರೆ ಯಾಕೆ? ನಾನೂ ಪ್ರಯತ್ನ ಮಾಡ್ದೆ. ಒಳ್ಳೆ ಮನುಷ್ಯ, ನಾನೂ ಒಬ್ಬಳೇ. ಬೋಂಡಾ ಮಾಡ್ದೆ, ಹೊಸ ಸೀರೆ ಉಟ್ಟೆ. ಆ ಮನುಷ್ಯ ಏನ್ ಮಾಡ್ತಿದ್ದ ಗೊತ್ತಾ? ಬಾಗಿಲು ಎದುರುಬದುರಾದ್ರೂ ಹಿಂದುಗಡೆ ನಮ್ಮ ರೂಮಿಗೂ ನಿಮ್ಮ ರೂಮಿಗೂ ಒಂದೇ ಗೋಡೆ ಅಲ್ವಾ? ಆ ಗೋಡೆಗೆ ಕಿವಿ ಇಟ್ಟು, ‘ಆ ಕಡೆ ಪಸೆ ಜಾಸ್ತಿ ಆಗ್ತಿದೆ ಮೇಡಂ, ಮಗೂಗೆ ಶೀತ ಆಗುತ್ತೆ’ ಅಂತಿದ್ದ. ನನ್ನ ಮನೇಲಿ ನಿಂತು ನಿಮ್ಮ ಮನೆ ಚಿಂತೆ! ಎಷ್ಟು ಉರೀತು ಗೊತ್ತಾ ನನಗೆ?”

ವೇದಾಗೆ ಗೊತ್ತಿತ್ತು. ಆ ಉರಿ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲಿಫ್ಟು ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಅವಳು ರಾಧಾಮಣಿಯ ಕೈ ಹಿಡಿದಿದ್ದಳು. ರಾಧಾಮಣಿ ಒಂದು ಗಳಿಗೆ ಹಿಡಿಸಿಕೊಂಡು, ಕೈ ಕೊಡವಿ, “ಸಾಕು ಬಿಡಿ, ಇಬ್ಬರೂ ಅಳೋದ್ ಬೇಡ, ಆಮೇಲೆ ಆ ಯಂತ್ರ ಪೀಂ ಅನ್ನುತ್ತೆ,” ಎಂದಳು.

*

ಮಳೆ ಹಿಂದೆ ಸರಿದ ಮೇಲೆ ಟೆರೇಸಿನ ಕೆಲಸ ನಡೆಯಿತು. ಹಳೆಯ ಗಾರೆ ಕಿತ್ತು, ಬಿರುಕು ತುಂಬಿ, ಮೇಲೆ ಪದರ ಹಾಕಿದರು. ಕೊನೆಗೊಂದು ಪರೀಕ್ಷೆ ಇರುತ್ತದೆ: ನೀರು ಹೋಗುವ ಕೊಳವೆಗಳ ಬಾಯಿ ಕಟ್ಟಿ, ಟೆರೇಸಿನ ತುಂಬ ನೀರು ನಿಲ್ಲಿಸಿ, ಕೆಳಗಿನ ಮನೆಯಲ್ಲಿ ಕೂತು ಕಾಯುವುದು. ಹನಿ ಬೀಳದಿದ್ದರೆ ಕೆಲಸ ಗೆದ್ದ ಹಾಗೆ.

ಹಿಂದಿನ ದಿನವೇ ನೀರು ನಿಲ್ಲಿಸಿದ್ದರು. ಬೆಳಗ್ಗೆ ಮಹೇಂದ್ರ ಯಂತ್ರ ಹಿಡಿದು ಬಂದ. ವೇದಾ ಇಂಚರಳ ಜಡೆ ಹಾಕುತ್ತಿದ್ದಳು. ಹೊರಗೆ ಬಿಸಿಲು. ಒಲೆಯ ಮೇಲೆ ಹಾಲು.

ಅವನು ಗೋಡೆಗೆ ಯಂತ್ರ ಇಟ್ಟ. ಅದು ಸುಮ್ಮನಿತ್ತು. ಬೇರೆ ಕಡೆ ಇಟ್ಟ. ಸುಮ್ಮನೇ ಇತ್ತು. ಬೆರಳಿನಿಂದ ತಟ್ಟಿದ, ಕಿವಿಯಿಟ್ಟ. ಗಟ್ಟಿ ಗೋಡೆ.

“ಒಣಗಿದೆ,” ಎಂದ. ಗೆದ್ದವನ ದನಿಯಾಗಿರಲಿಲ್ಲ ಅದು.

“ಚೆನ್ನಾಗಿ ಮಾಡಿಸಿದ್ರಿ,” ಎಂದಳು ವೇದಾ. ಅವಳ ದನಿಯೂ ಹಾಗೇ ಇತ್ತು.

“ಇನ್ನು ಹತ್ತು ವರ್ಷ ತೊಂದ್ರೆ ಇಲ್ಲ.”

“ಹತ್ತು ವರ್ಷಾನಾ?”

“ಹೆಚ್ಚೂ ಆಗ್ಬಹುದು.”

ಅವಳು ಕಾಫಿ ತಂದುಕೊಟ್ಟಳು. ಅರ್ಧ ಚಮಚದ್ದು. ಅವನು ಅದನ್ನು ಎಂದಿಗಿಂತ ನಿಧಾನವಾಗಿ, ತಳದ ಗಷ್ಟಿನವರೆಗೂ ಕುಡಿದ. ಲೋಟ ಕೆಳಗಿಟ್ಟ. ಯಂತ್ರವನ್ನು ಚೀಲಕ್ಕೆ ಹಾಕಿದ, ತೆಗೆದ, ಮತ್ತೆ ಹಾಕಿದ. “ಇನ್ನೊಂದ್ ಸ್ವಲ್ಪ ಹೊತ್ತು ನೋಡೋಣ. ಕೆಲವು ಸಲ ತಡವಾಗಿ ಇಳಿಯುತ್ತೆ,” ಎಂದ.

“ಹೌದು, ನೋಡೋಣ,” ಎಂದಳು ವೇದಾ ಬೇಗನೆ.

ಇಬ್ಬರೂ ತಲೆ ಎತ್ತಿ ಸೀಲಿಂಗು ನೋಡುತ್ತಾ ಕೂತರು. ಹೊಸದಾಗಿ ಬಳಿದ ಬಿಳಿ ಬಣ್ಣ, ಒಂದೂ ಕಲೆಯಿಲ್ಲ. ವೇದಾ ತನ್ನ ಜೀವಮಾನದಲ್ಲಿ ಒಂದು ಹನಿ ನೀರಿಗಾಗಿ ಅಷ್ಟು ಹಂಬಲಿಸಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದಳು, ಅವನೂ ಸೀಲಿಂಗು ನೋಡುತ್ತಿರಲಿಲ್ಲ.

ಅರ್ಧ ಜಡೆಯ ಇಂಚರ ಅಮ್ಮನನ್ನು ನೋಡಿದಳು, ಅಂಕಲ್ಲನ್ನು ನೋಡಿದಳು, ಏನೂ ಬೀಳದ ಸೀಲಿಂಗನ್ನು ನೋಡಿದಳು. ಈ ಸಲ ಅನುಮತಿ ಕೇಳಲಿಲ್ಲ. ಸ್ಟೂಲಿನಿಂದ ಇಳಿದು ಹೋಗಿ ಮಹೇಂದ್ರನ ಮಂಡಿಯ ಮೇಲೆ ಎರಡೂ ಕೈ ಊರಿ ನಿಂತಳು.

“ಅಂಕಲ್, ಸೋರ್ದೇ ಇದ್ರೂ ನಮ್ಮನೆಗೆ ಬರ್ತೀರಾ?”